ಅಪ್ಪ ಅಮ್ಮನ ಜೊತೆ ಕ್ಯೋಟೋ: ಏನು ನೋಡೋದು, ಅಮ್ಮನಿಗೆ ಊಟ ಎಲ್ಲಿ?

ಕುಂದವಾಡ ಕೆರೆ ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಂಗಿ ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ನೋಡೋಕೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿದ್ದೇನೆ. ಅವಳ ಮನೆ ಚಿಕ್ಕದು, ರಜೆಯೂ ಕಡಿಮೆ. ಹಾಗಾಗಿ ನಾಲ್ಕೈದು ದಿನ ಕ್ಯೋಟೋದಲ್ಲೇ ಉಳಿದುಕೊಂಡು ಊರು ನೋಡೋಣ ಅಂತ ಯೋಚನೆ. ಟೋಕಿಯೋ ಬೇಡ ಅಂತ ಅಪ್ಪನೇ ಹೇಳಿದ್ದಾರೆ.

ಅಪ್ಪನಿಗೆ ಶಿಲ್ಪ ಅಂದ್ರೆ ಪ್ರಾಣ. ಬೇಲೂರಿಗೆ ಹೋದರೆ ಒಂದೊಂದು ಮೂರ್ತಿಯ ಮುಂದೆ ನಿಂತು ಕೈಯಲ್ಲಿರೋ ಆಯುಧ ಯಾವುದು, ವಾಹನ ಯಾವುದು ಅಂತ ನೋಡಿಯೇ ಮುಂದೆ ಹೋಗುತ್ತಾರೆ. ಅಮ್ಮನಿಗೆ ಮಂಡಿ ನೋವು. ಮೇಲಾಗಿ ಅವರು ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಜಪಾನಿನಲ್ಲಿ ಎಲ್ಲದಕ್ಕೂ ಮೀನು ಹಾಕ್ತಾರಂತೆ ಅಂತ ಯಾರೋ ಹೇಳಿದ ಮೇಲೆ ಅವಲಕ್ಕಿ, ಚಟ್ನಿಪುಡಿ ಡಬ್ಬಿ ಕಟ್ಟೋಕೆ ಶುರು ಮಾಡಿದ್ದಾರೆ. ಅಷ್ಟು ದೂರ ಹೋಗಿ ಅಮ್ಮ ಹೋಟೆಲ್ ರೂಮಿನಲ್ಲಿ ಅವಲಕ್ಕಿ ತಿಂದು ವಾಪಸ್ ಬರೋದು ನನಗಂತೂ ಇಷ್ಟವಿಲ್ಲ.

ಜುಲೈ ಅಥವಾ ನವೆಂಬರ್, ಎರಡರಲ್ಲಿ ಒಂದು. ಯಾವುದು ಒಳ್ಳೆಯದು? ಇಂಟರ್ನೆಟ್ಟಿನಲ್ಲಿ ಸಿಗೋ ಪಟ್ಟಿಗಳಲ್ಲಿ ದಿನಕ್ಕೆ ಏಳೆಂಟು ಜಾಗ ತುಂಬಿದ್ದಾರೆ. ಅಮ್ಮನ ಕೈಲಿ ಅದು ಆಗೋದಿಲ್ಲ. ಅಲ್ಲಿ ಇದ್ದು ಬಂದವರು, ಅಲ್ಲೇ ಇರೋರು ದಯವಿಟ್ಟು ಹೇಳಿ.

ಫುಶಿಮಿ ಮನೆ ಉತ್ತರ:

ಮೊದಲು ಅಮ್ಮನ ಊಟದ ವಿಷಯ ಮುಗಿಸ್ತೇನೆ. ಅದು ಬಗೆಹರಿದರೆ ಉಳಿದದ್ದು ಸಲೀಸು. ನಾನು ಸಾಗರದ ಕಡೆಯವಳು. ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದು ಈಗ ಕ್ಯೋಟೋದ ದಕ್ಷಿಣಕ್ಕಿರುವ ಫುಶಿಮಿಯೇ ನಮ್ಮೂರಾಗಿದೆ. ನಮ್ಮ ಅತ್ತೆಯವರದ್ದೂ ನಿಮ್ಮ ಅಮ್ಮನ ಹಾಗೇ ಊಟದ ಕಟ್ಟುನಿಟ್ಟು. ಹಾಗಾಗಿ ಇದನ್ನೆಲ್ಲ ಒಂದೊಂದಾಗಿ ಕೇಳಿ, ನೋಡಿ ತಿಳಿದುಕೊಂಡಿದ್ದೇನೆ.

ಅಮ್ಮ ಕೇಳಿದ್ದು ಸುಳ್ಳಲ್ಲ. ಜಪಾನಿನ ಅಡುಗೆಗೆ ಬುನಾದಿ ದಾಶಿ ಅನ್ನುವ ತಿಳಿಯಾದ ರಸ. ಕೊಂಬು ಅನ್ನುವ ಕಡಲ ಪಾಚಿ ಮತ್ತು ಒಣಗಿಸಿ ಹೆರೆದ ಕಾತ್ಸುಓ ಮೀನು, ಈ ಎರಡರಿಂದ ಅದನ್ನು ತೆಗೆಯುತ್ತಾರೆ. ಹುಳಿ ಬರಿಸಿದ ಸೋಯಾ ಕಾಳಿನ ಮಿಸೋ ಸಾರು, ಸೋಬಾ, ಉದೋನ್ ಅನ್ನುವ ಶಾವಿಗೆಗಳು, ತೆಂಪುರಾ ಅನ್ನುವ ಬಜ್ಜಿಯ ಜೊತೆ ಕೊಡುವ ರಸ, ಬೇಯಿಸಿದ ತರಕಾರಿ, ಎಲ್ಲ ಕಡೆ ಅದು ಇರುತ್ತದೆ. ಕಣ್ಣಿಗೆ ಮೀನು ಕಾಣೋದಿಲ್ಲ. ಬಡಿಸುವವರಿಗೂ ಅದು ಮೀನಿನ ಅಡುಗೆ ಅಂತ ಅನ್ನಿಸೋದಿಲ್ಲ. ಕ್ಯೋಟೋದಲ್ಲಿ ಹೆಸರಾದ ಯುದೋಫು ಇದೆಯಲ್ಲ, ಬಿಸಿನೀರಿನಲ್ಲಿ ಕಾಯಿಸಿದ ತೋಫು (ಸೋಯಾ ಹಾಲಿನ ಪನೀರು), ಅದನ್ನು ಅದ್ದಿಕೊಳ್ಳುವ ರಸದಲ್ಲೂ ಮೀನು ಇರೋದೇ ಜಾಸ್ತಿ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು: "ನಿಕು, ಸಕಾನಾ, ಕಾತ್ಸುಓ ದಾಶಿ, ತಾಮಾಗೊ, ತಾಮಾನೆಗಿ, ನೆಗಿ, ನಿನ್ನಿಕು ವಾ ತಾಬೆರಾರೆಮಾಸೆನ್." ಮಾಂಸ, ಮೀನು, ಮೀನಿನ ರಸ, ಮೊಟ್ಟೆ, ಈರುಳ್ಳಿ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ತಿನ್ನೋಕೆ ಆಗೋದಿಲ್ಲ ಅಂತ. ತಂಗಿ ಕೈಲಿ ಇದನ್ನು ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆಸಿ ಅಮ್ಮನ ಪರ್ಸಿನಲ್ಲಿ ಇಡಿ. ಇಲ್ಲಿನವರು ಚೀಟಿ ಓದಿ, ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದು, ಆಗುತ್ತೆ ಅಥವಾ ಆಗಲ್ಲ ಅಂತ ನೇರ ಹೇಳುತ್ತಾರೆ.

ಆದರೆ ಇದೇ ಊರಿನಲ್ಲಿ ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದಂಥ ಅಡುಗೆಯೂ ಇದೆ. ಶೋಜಿನ್ ರಿಯೋರಿ ಅಂತಾರೆ. ಬೌದ್ಧ ಮಠಗಳ ಊಟ. ಮಾಂಸ, ಮೀನು, ಮೊಟ್ಟೆ ಇಲ್ಲ ಅನ್ನೋದು ಸರಿ, ಅದರ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಮತ್ತು ಆ ಜಾತಿಯ ಘಾಟಿನ ಸೊಪ್ಪುಗಳೂ ಸಂಪ್ರದಾಯದಿಂದಲೇ ಇಲ್ಲ. ಧ್ಯಾನಕ್ಕೆ ಕೂರುವವರಿಗೆ ಅವು ಬೇಡ ಅನ್ನುವ ಅದೇ ಹಳೆಯ ನಂಬಿಕೆ. ರಸ ತೆಗೆಯೋದು ಕೊಂಬು ಮತ್ತು ಒಣಗಿದ ಶಿಟಾಕೆ ಅಣಬೆಯಿಂದ. ಅಮ್ಮ ಅಣಬೆಯನ್ನೂ ತಿನ್ನೋದಿಲ್ಲ ಅಂದರೆ ಅದನ್ನೂ ಚೀಟಿಯಲ್ಲಿ ಸೇರಿಸಿ.

ಎಲ್ಲಿ ಅಂದರೆ, ಅರಾಶಿಯಾಮಾದ ತೆನ್‌ರ್ಯೂಜಿ ದೇವಾಲಯದ ಒಳಗೇ ಶಿಗೆತ್ಸು ಅನ್ನುವ ಊಟದ ಮನೆ ಇದೆ. ಮಧ್ಯಾಹ್ನದ ಊಟ ಮಾತ್ರ. ಊರಿನ ಉತ್ತರಕ್ಕೆ ದೈತೋಕುಜಿ ಆವರಣದಲ್ಲಿ ಇಝುಸೆನ್ ಇದೆ. ಅಲ್ಲಿ ಕೆಂಪು ಅರಗು ಬಳಿದ ಬಟ್ಟಲುಗಳಲ್ಲಿ ಒಂದಾದ ಮೇಲೊಂದು ತರುತ್ತಾರೆ. ಭಿಕ್ಷುಗಳ ಪಾತ್ರೆಯ ಆಕಾರದ ಬಟ್ಟಲುಗಳು. ಊಟ ಮುಗಿದಾಗ ದೊಡ್ಡದರೊಳಗೆ ಚಿಕ್ಕದು ಕೂತು ಎಲ್ಲ ಸೇರಿ ಒಂದೇ ಪಾತ್ರೆಯಷ್ಟು ಜಾಗ ಹಿಡಿಯುತ್ತವೆ.

ಈ ಊಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಗೋಮಾ ದೋಫು. ಹೆಸರಿಗೆ ತೋಫು, ಅದರಲ್ಲಿ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಕುಝು ಬಳ್ಳಿಯ ಬೇರಿನ ಹಿಟ್ಟು ಕಲಸಿ, ತಳ ಹಿಡಿಯದ ಹಾಗೆ ಒಲೆಯ ಮೇಲೆ ಮಗುಚಿ ಮಗುಚಿ ಗಟ್ಟಿ ಮಾಡಿ ಆರಿಸುತ್ತಾರೆ. ಚಾಪ್‌ಸ್ಟಿಕ್ಕಿನಲ್ಲಿ ಮುರಿದರೆ ಅಂಚು ಸ್ವಲ್ಪ ಎಳೆದು ಆಮೇಲೆ ಬಿಡುತ್ತದೆ. ಮೇಲೆ ಒಂದು ಚಿಟಿಕೆ ವಸಾಬಿ, ಅಂದರೆ ಖಾರದ ಗೆಡ್ಡೆ ತುರಿದದ್ದು. ನಮ್ಮ ಅತ್ತೆ ಎರಡನೇ ತುತ್ತಿಗೆ "ಎಳ್ಳು ಹುರಿದಿಲ್ಲ ಇದು, ಹಸಿ ಎಳ್ಳು" ಅಂದರು. ಕೇಳಿದರೆ ಹೌದು. ಯುಬಾ ಅಂತ ಇನ್ನೊಂದು. ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ಕಡ್ಡಿಯಿಂದ ಎತ್ತಿ ತೆಗೆದದ್ದು. ಹಸಿಯಾಗಿಯೇ ತಿನ್ನಬಹುದು, ಒಣಗಿಸಿ ರಸದಲ್ಲಿ ಬೇಯಿಸಿದ್ದೂ ಇರುತ್ತದೆ.

ಇಲ್ಲಿನ ತೋಫು, ಯುಬಾ ಇಷ್ಟು ಚೆನ್ನಾಗಿರೋಕೆ ನೀರೇ ಕಾರಣ. ನೆಲದಡಿಯ ನೀರು ಮೆದು, ಗಡಸಲ್ಲ. ನಮ್ಮ ಫುಶಿಮಿಯಲ್ಲಿ ಸಾಕೆ ಮದ್ಯದ ಕಾರ್ಖಾನೆಗಳು ಇಷ್ಟೊಂದು ಇರೋದೂ ಅದಕ್ಕೇ. ಹತ್ತಿರದ ಗೊಕೊನೊಮಿಯಾ ಗುಡಿಯಲ್ಲಿ ಒಂದು ಚಿಲುಮೆ ಇದೆ. ಜನ ಕ್ಯಾನ್, ಬಾಟಲಿ ಹಿಡಿದುಕೊಂಡು ಬಂದು ತುಂಬಿಕೊಂಡು ಹೋಗುತ್ತಾರೆ. ನಾನೂ ತರ್ತೇನೆ. ತೊಗರಿಬೇಳೆ ಬೇಗ ಬೇಯುತ್ತದೆ, ಸಾರಿನ ರುಚಿಯೇ ಬೇರೆ.

ಈಗ ಅಪ್ಪನ ವಿಷಯ. ಅವರನ್ನು ಬೇರೆ ಎಲ್ಲಿಗೂ ಕರೆದೊಯ್ಯದಿದ್ದರೂ ಪರವಾಗಿಲ್ಲ, ಸಾನ್‌ಜೂಸಾನ್‌ಗೆನ್‌ದೋ ಅನ್ನುವ ಬೌದ್ಧ ದೇವಾಲಯಕ್ಕೆ ಕರೆದುಕೊಂಡು ಹೋಗಿ. 1164ರಲ್ಲಿ ಕಟ್ಟಿದ್ದು, 1249ರ ಬೆಂಕಿಯಲ್ಲಿ ಸುಟ್ಟಿತು, 1266ರಲ್ಲಿ ಮತ್ತೆ ಎದ್ದಿತು. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಮಂಟಪ. ಒಳಗೆ ಸಾವಿರದ ಒಂದು ಕಾನ್ನೊನ್ ಮೂರ್ತಿಗಳು. ಕಾನ್ನೊನ್ ಅಂದರೆ ನಮ್ಮ ಅವಲೋಕಿತೇಶ್ವರ. ನಡುವೆ ದೊಡ್ಡದೊಂದು ಕೂತಿದೆ, ತಂಕೈ ಅನ್ನುವ ಶಿಲ್ಪಿ ತನ್ನ 82ನೇ ವಯಸ್ಸಿನಲ್ಲಿ ಮಾಡಿದ್ದು. ಎರಡೂ ಪಕ್ಕ ಐನೂರು ಐನೂರು ನಿಂತಿವೆ. ಅವುಗಳಲ್ಲಿ 124 ಆ ಬೆಂಕಿಯಿಂದ ಉಳಿಸಿಕೊಂಡ ಹಳೆಯವು. ಎಲ್ಲವೂ ಮರದವು, ಮೇಲೆ ಚಿನ್ನದ ರೇಕು.

ಆ ಸಾವಿರದ ಸಾಲು ನೋಡಿ ಎಲ್ಲರೂ ಬೆರಗಾಗುತ್ತಾರೆ, ಸರಿ. ಆದರೆ ಅಪ್ಪ ನಿಲ್ಲೋದು ಮುಂದಿನ ಸಾಲಿನಲ್ಲಿ. ಅಲ್ಲಿ 28 ಪರಿವಾರ ದೇವತೆಗಳಿದ್ದಾರೆ. ಬ್ರಹ್ಮ, ಇಂದ್ರ, ನಾರಾಯಣ, ಕಿನ್ನರ, ಅಸುರ, ಎಲ್ಲ ನಮ್ಮವರೇ, ಚೀನಾ ದಾರಿಯಲ್ಲಿ ನಡೆದು ಇಲ್ಲಿಗೆ ಬಂದವರು. ಗರುಡನನ್ನು ನೋಡಿ: ರೆಕ್ಕೆ ಇದೆ, ಕೊಕ್ಕು ಇದೆ, ಕೈಯಲ್ಲಿ ಕೊಳಲು ಹಿಡಿದು ಊದುತ್ತಿದ್ದಾನೆ. ವಸು ಅನ್ನುವ ಮುದುಕ ಋಷಿಯ ಎದೆಯ ಮೂಳೆ ಒಂದೊಂದನ್ನೂ ಎಣಿಸಬಹುದು. ಕಣ್ಣಿನ ಒಳಗೆ ಸ್ಫಟಿಕ ಕೂರಿಸಿದ್ದಾರೆ. ನೀವು ಪಕ್ಕಕ್ಕೆ ಒಂದು ಹೆಜ್ಜೆ ಸರಿದರೆ ಕಣ್ಣಿನ ಹೊಳಪೂ ಸರಿಯುತ್ತದೆ. ಎರಡು ತುದಿಗಳಲ್ಲಿ ಗಾಳಿದೇವರು, ಗುಡುಗಿನ ದೇವರು. ಒಬ್ಬನ ಹೆಗಲ ಮೇಲೆ ಗಾಳಿ ತುಂಬಿದ ಚೀಲ, ಇನ್ನೊಬ್ಬನ ಸುತ್ತ ಚಿಕ್ಕ ಚಿಕ್ಕ ಡೋಲುಗಳ ಬಳೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅದೇ ಒಳ್ಳೆಯದಾಯಿತು, ಜನ ಮೂರ್ತಿ ನೋಡುತ್ತಾರೆ. ನೆಲ ಸಮತಟ್ಟಾಗಿದೆ, ಅಮ್ಮನ ಮಂಡಿಗೂ ತೊಂದರೆ ಇಲ್ಲ.

ಮಂಟಪದ ಹಿಂದಿನ ಉದ್ದ ಜಗುಲಿಯಲ್ಲಿ ಹಿಂದೆ ಬಿಲ್ಲುಗಾರರ ಪಂದ್ಯ ನಡೆಯುತ್ತಿತ್ತು. ಆ ತುದಿಯಿಂದ ಈ ತುದಿಗೆ, ಸೂರಿಗೆ ತಾಗದ ಹಾಗೆ ಬಾಣ ಬಿಡಬೇಕು. 1686ರಲ್ಲಿ ವಾಸಾ ದೈಹಾಚಿರೋ ಅನ್ನುವ ಯುವಕ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133 ಗುರಿ ಮುಟ್ಟಿಸಿದ. ಆ ಜಗುಲಿಯ ಪಕ್ಕ ನಡೆಯುವಾಗ ಅಪ್ಪನಿಗೆ ಇದನ್ನು ಹೇಳಿ.

ಎರಡನೆಯದು ತೋಜಿ ದೇವಾಲಯ. ಕ್ಯೋಟೋ ರಾಜಧಾನಿಯಾದದ್ದು 794ರಲ್ಲಿ, ತೋಜಿ ಶುರುವಾದದ್ದು 796ರಲ್ಲಿ. 823ರಲ್ಲಿ ಅದನ್ನು ಕೂಕೈ ಎಂಬ ಭಿಕ್ಷುವಿಗೆ ಒಪ್ಪಿಸಿದರು. ಅವರು ಚೀನಾಕ್ಕೆ ಹೋಗಿ ತಂತ್ರಮಾರ್ಗ ಕಲಿತು, ಸಂಸ್ಕೃತ ಮಂತ್ರಗಳನ್ನೂ ಸಿದ್ಧಂ ಲಿಪಿಯನ್ನೂ ತಂದವರು. ಅಲ್ಲಿನ ಉಪನ್ಯಾಸ ಮಂಟಪದಲ್ಲಿ 21 ಮೂರ್ತಿಗಳನ್ನು ಒಂದು ಮಂಡಲದ ಹಾಗೆ ಜೋಡಿಸಿಟ್ಟಿದ್ದಾರೆ. ಹೆಚ್ಚಿನವು 9ನೇ ಶತಮಾನದವು. ಇಂದ್ರ ಆನೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾನೆ. ಬ್ರಹ್ಮ ಹಂಸಗಳ ಮೇಲಿದ್ದಾನೆ. ವಾಹನ ನೋಡಿ ಗುರುತು ಹಿಡಿಯುವ ನಿಮ್ಮಪ್ಪನಿಗೆ ಯಾರೂ ವಿವರಿಸಬೇಕಾಗಿಲ್ಲ. ಹೊರಗೆ ಐದು ಅಂತಸ್ತಿನ ಗೋಪುರ, ಸುಮಾರು 55 ಮೀಟರ್, ಜಪಾನಿನ ಮರದ ಗೋಪುರಗಳಲ್ಲೇ ಎತ್ತರದ್ದು. ಈಗಿರುವುದು 1644ರದ್ದು.

ಪ್ರತಿ ತಿಂಗಳು 21ಕ್ಕೆ ತೋಜಿ ಆವರಣದಲ್ಲಿ ಸಂತೆ. ಕೂಕೈ ತೀರಿಕೊಂಡ ದಿನದ ನೆನಪಿಗೆ. ಹಳೆಯ ಕಿಮೋನೋ, ಪಿಂಗಾಣಿ, ಉಪ್ಪಿನಕಾಯಿ, ಬೋನ್ಸಾಯ್, ಬಡಗಿಯ ಉಳಿ, ಏನುಂಟು ಏನಿಲ್ಲ. ಇಡೀ ಊರು ಪ್ರವಾಸಿಗರಿಗೆ ಅಂತ ಅಣಿಯಾಗಿದೆ ಅನ್ನಿಸುವವರು ಇಲ್ಲಿಗೆ ಬರಬೇಕು. ನಮ್ಮ ಬೀದಿಯ ಅಜ್ಜಿಯರೆಲ್ಲ ಚಕ್ರದ ಚೀಲ ಎಳೆದುಕೊಂಡು ಬರುತ್ತಾರೆ.

ಅದಕ್ಕೇ ನನ್ನ ಸಲಹೆ ನವೆಂಬರ್. 21 ನಿಮ್ಮ ದಿನಗಳ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಎಲೆ ಕೆಂಪಾಗುವ ಕಾಲವೂ ಅದೇ. ಜುಲೈ ಬಿಸಿಲು, ಬೆವರು, ಗಾಳಿ ಆಡುವುದಿಲ್ಲ. ಸುತ್ತ ಬೆಟ್ಟ ಇರುವ ಬಟ್ಟಲಿನಂಥ ಊರು ಇದು.

ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಒಳ್ಳೆ ಊಟ, ಒಂದು ಬೀದಿ. ಇಷ್ಟೇ ಇಟ್ಟುಕೊಳ್ಳಿ.

ಇಳಕಲ್ ಮಗ್ಗ ಉತ್ತರ:

ಫುಶಿಮಿ ಅಕ್ಕ ಚೆನ್ನಾಗಿ ಹೇಳಿದ್ದಾರೆ. ಆದರೆ ಜುಲೈ ಬೇಡ ಅಂದದ್ದಕ್ಕೆ ನನ್ನದೊಂದು ಮಾತಿದೆ.

ನಮ್ಮದು ಸೀರೆ ನೇಯುವ ಮನೆ. ಕೈಮಗ್ಗದವರ ಒಂದು ತಂಡದ ಜೊತೆ ಕ್ಯೋಟೋ ನೋಡೋ ಅವಕಾಶ ಸಿಕ್ಕಿತ್ತು, ಅದೂ ಜುಲೈನಲ್ಲೇ. ಗಿಯೋನ್ ಹಬ್ಬದ ತಿಂಗಳು. 869ರಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಶುರುವಾದ ಹಬ್ಬ. 17 ಮತ್ತು 24ರಂದು ತೇರುಗಳು ಹೊರಡುತ್ತವೆ, ಎರಡೂ ದಿನ ಸೇರಿ 34. ದೊಡ್ಡವು ಸುಮಾರು 25 ಮೀಟರ್ ಎತ್ತರ, ಹತ್ತು ಟನ್ನಿಗಿಂತ ಜಾಸ್ತಿ ಭಾರ. ಮೊಳೆ ಹೊಡೆಯುವುದಿಲ್ಲ. ಹಬ್ಬಕ್ಕೆ ಒಂದು ವಾರ ಮೊದಲು ಬೀದಿಯಲ್ಲೇ ಮರದ ತೊಲೆಗಳನ್ನು ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ಆ ಹಗ್ಗದ ಹೆಣಿಗೆ ನೋಡೋಕೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಮೂಲೆ ಬಂದಾಗ ಚಕ್ರ ತಿರುಗುವುದಿಲ್ಲ. ಬಿದಿರಿನ ಸೀಳು ಹಾಸಿ, ನೀರು ಚೆಲ್ಲಿ, ಇಡೀ ತೇರನ್ನು ಪಕ್ಕಕ್ಕೆ ಜಾರಿಸುತ್ತಾರೆ. ಜನ ಕೇಕೆ ಹಾಕುತ್ತಾರೆ.

ನನಗೆ ಅದಕ್ಕಿಂತ ಮುಖ್ಯವಾದದ್ದು ತೇರಿನ ಮೈಗೆ ತೂಗುಬಿಟ್ಟ ಬಟ್ಟೆ. ಕ್ಯೋಟೋ ವ್ಯಾಪಾರಿಗಳು ನೂರಾರು ವರ್ಷಗಳ ಹಿಂದೆ ಹಡಗಿನಲ್ಲಿ ಬಂದ ಒಳ್ಳೊಳ್ಳೆ ನೇಯ್ಗೆಗಳನ್ನು ಕೊಂಡು ತೇರಿಗೆ ಕೊಟ್ಟಿದ್ದಾರೆ. ಒಂದರ ಮೇಲೆ 16ನೇ ಶತಮಾನದ ಯುರೋಪಿನ ಚಿತ್ರದ ಬಟ್ಟೆ, ಅದರಲ್ಲಿ ಬೈಬಲ್ಲಿನ ಕತೆ. ಇನ್ನು ಕೆಲವದರ ಮೇಲೆ ಭಾರತದ ರತ್ನಗಂಬಳಿ. ಡಚ್ಚರ ಹಡಗಿನಲ್ಲಿ ಹೋದವು. ಅವುಗಳಲ್ಲಿ ಹಲವು ದಖ್ಖನ್ನಿನಲ್ಲಿ ನೇಯ್ದವು ಅಂತ ವಿದ್ವಾಂಸರು ಗುರುತಿಸಿದ್ದಾರೆ. ದಖ್ಖನ್ ಅಂದರೆ ನಮ್ಮ ಕಡೆ, ನಮ್ಮ ಬಿಜಾಪುರದ ಸೀಮೆಯೂ ಅದರಲ್ಲಿ ಬಂತು. ಅಂಥ ಗಂಬಳಿ ನಮ್ಮಲ್ಲಿ ಉಳಿದಿರೋದು ತೀರಾ ಕಡಿಮೆ. ಅಲ್ಲಿ ವರ್ಷಕ್ಕೊಮ್ಮೆ ಹೊರತೆಗೆದು, ತೇರಿಗೆ ಕಟ್ಟಿ, ಮಳೆ ಬಂದರೆ ಹೊದಿಸಿ, ಮತ್ತೆ ಮಡಚಿ ಇಡುತ್ತಾರೆ. ನೇಯ್ದವನ ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಅವನ ಕೆಲಸಕ್ಕೆ ಇಡೀ ಓಣಿ ಕಾವಲು. ಅದನ್ನು ನೋಡಿದಾಗ ನನಗೆ ಗಂಟಲು ಕಟ್ಟಿತು, ನಿಜವಾಗಿ ಹೇಳ್ತೇನೆ.

ಜುಲೈಗೇ ಹೋಗುವುದಾದರೆ 24ರ ಎರಡನೇ ಮೆರವಣಿಗೆ ನೋಡಿ. ತೇರು ಕಡಿಮೆ, ಜನವೂ ಕಡಿಮೆ. ಅದರ ಹಿಂದಿನ ಸಂಜೆಗಳಲ್ಲಿ ಬಟ್ಟೆಗಳನ್ನು ಓಣಿಯ ಮನೆಗಳಲ್ಲಿ ಹರಡಿ ಇಟ್ಟಿರುತ್ತಾರೆ, ಹತ್ತಿರದಿಂದ ನೋಡಬಹುದು.

ನವೆಂಬರ್ ಆದರೂ ನಿಶಿಜಿನ್ ಬಿಡಬೇಡಿ. ನೇಕಾರರ ಕೇರಿ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಊರು ಸುಟ್ಟು ನೇಕಾರರು ಚದುರಿಹೋದರು. ಮುಗಿದ ಮೇಲೆ ಬಂದು, ಪಶ್ಚಿಮದ ಸೈನ್ಯ ಬೀಡುಬಿಟ್ಟಿದ್ದ ಜಾಗದಲ್ಲಿ ಮಗ್ಗ ಹೂಡಿದರು. 1872ರಲ್ಲಿ ತಮ್ಮವರನ್ನೇ ಫ್ರಾನ್ಸಿನ ಲಿಯೋನ್‌ಗೆ ಕಳಿಸಿ, ಮಗ್ಗದಲ್ಲಿ ಚಿತ್ತಾರ ಮೂಡಿಸುವ ಜಕಾರ್ಡ್ ಯಂತ್ರ ತರಿಸಿಕೊಂಡರು. ರಾಜಧಾನಿ ಟೋಕಿಯೋಗೆ ಹೋಗಿ, ಕೊಳ್ಳುವವರು ಕಡಿಮೆಯಾಗಿದ್ದ ಕಾಲ ಅದು.

ಅಲ್ಲಿ ತ್ಸುಝುರೆ ಅನ್ನುವ ನೇಯ್ಗೆ ಇದೆ. ಕಿಮೋನೋ ಮೇಲೆ ಕಟ್ಟುವ ಓಬಿ ಪಟ್ಟಿಗೆ. ಹೊಕ್ಕಿನ ಎಳೆಯನ್ನು ಹಣಿಗೆಯಿಂದ ಬಡಿಯುವುದು ಮಾತ್ರವಲ್ಲ, ಬೆರಳಿನ ಉಗುರಿನಿಂದ ಕೆರೆದು ಕೂರಿಸುತ್ತಾರೆ. ಅದಕ್ಕಾಗಿ ಉಗುರಿನ ತುದಿಯನ್ನು ಅರದಿಂದ ಉಜ್ಜಿ ಗರಗಸದ ಹಲ್ಲು ಮಾಡಿಕೊಂಡಿರುತ್ತಾರೆ. ನಾನು ನೋಡಿದ ಹೆಂಗಸು ಕೈ ಮುಂದೆ ಮಾಡಿ ತೋರಿಸಿದರು. ನಡುಬೆರಳಿಗೆ ಸಣ್ಣ ಸಣ್ಣ ಕಚ್ಚು. ನಾನು ಸೆರಗಿನ ಕೊಂಡಿ ಹಾಕುವ ವಿಡಿಯೋ ಮೊಬೈಲಿನಲ್ಲಿ ತೋರಿಸಿದೆ, ಮೈಯ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆ ಒಂದೊಂದಾಗಿ ಸಿಕ್ಕಿಸೋದು. ಭಾಷೆ ಬಾರದಿದ್ದರೂ ಅವರು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದರು.

ಚಿನ್ನದ ಎಳೆಯನ್ನೂ ನೋಡಿ. ಕಾಗದಕ್ಕೆ ಅರಗು ಹಚ್ಚಿ, ಚಿನ್ನದ ರೇಕು ಅಂಟಿಸಿ, ಆ ಕಾಗದವನ್ನು ಕೂದಲಿನಷ್ಟು ಸಣ್ಣ ಪಟ್ಟಿ ಮಾಡಿ ಕತ್ತರಿಸಿ ಹೊಕ್ಕಿಗೆ ಹಾಕುತ್ತಾರೆ. ನಮ್ಮ ಜರಿಯ ರೀತಿಯೇ ಬೇರೆ. ಓರಿನಾಸು-ಕಾನ್ ಅನ್ನುವ ಹಳೆಯ ಮನೆಯಲ್ಲಿ ಒಳ್ಳೆಯ ಸಂಗ್ರಹವಿದೆ.

ಮಲ್ಲೇಶ್ವರ 8ನೇ ಅಡ್ಡರಸ್ತೆ ಉತ್ತರ:

ಓಡಾಟದ ಬಗ್ಗೆ ಮಾತ್ರ ಹೇಳ್ತೀನಿ. ನಾನೂ ವಯಸ್ಸಾದ ತಂದೆಯನ್ನು ಕರ್ಕೊಂಡು ಹೋಗಿದ್ದೆ.

ಸಿಟಿ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಿ, ಮುಂದಿನಿಂದ ಇಳಿಯುವಾಗ ದುಡ್ಡು ಕೊಡೋದು. ಬೆಳಗ್ಗೆ ಹತ್ತರ ಮೇಲೆ ಕಿಯೋಮಿಝು ಕಡೆಯ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅಮ್ಮನ ಜೊತೆ ಮೆಟ್ರೋ ಮತ್ತು ಟ್ಯಾಕ್ಸಿ ಒಳ್ಳೆಯದು. ನಾಲ್ಕು ಜನ ಇದ್ದರೆ ಟ್ಯಾಕ್ಸಿ ಅಷ್ಟೇನೂ ದುಬಾರಿ ಅನ್ನಿಸಲ್ಲ. ಕರಾಸುಮಾ ಮೆಟ್ರೋ ಲೈನಿನ ಹತ್ತಿರ ಹೋಟೆಲ್ ಮಾಡಿ.

ಕಿಯೋಮಿಝು ದೇವಾಲಯ ಬೆಳಗ್ಗೆ 6ಕ್ಕೇ ತೆರೆಯುತ್ತೆ. ಆಗಲೇ ಹೋಗಿ. ದಾರಿ ಏರು, ಟ್ಯಾಕ್ಸಿ ಇಳಿದ ಮೇಲೂ ಸ್ವಲ್ಪ ನಡೆಯಬೇಕು. ಈಗಿನ ಕಟ್ಟಡ 1633ರದ್ದು. ಬೆಟ್ಟದ ಬದಿಗೆ ಚಾಚಿದ ಮರದ ಕಟ್ಟೆ ಸುಮಾರು 13 ಮೀಟರ್ ಎತ್ತರದಲ್ಲಿದೆ, ಕೆಳಗೆ ಇಳಿದು ಆ ಕಂಬಗಳನ್ನು ನೋಡಿದರೆ ಬಡಗಿಗಳ ಕೈಗೆ ಮುಗಿಯಬೇಕು ಅನ್ನಿಸುತ್ತೆ.

ಫುಶಿಮಿ ಇನಾರಿ ಗುಡಿಗೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ. ಬೆಟ್ಟ 233 ಮೀಟರ್, ಪೂರ್ತಿ ಹತ್ತೋದು ಬೇಡ. ಕೇಸರಿ ಕಮಾನುಗಳ ಒತ್ತಾದ ಸಾಲು ಕೆಳಗೇ ಸಿಗುತ್ತೆ. ವಾಪಸ್ ಬರುವಾಗ ಕಂಬಗಳ ಹಿಂಬದಿ ನೋಡಿ, ಕೊಟ್ಟವರ ಹೆಸರು, ತಾರೀಖು ಕೆತ್ತಿರುತ್ತಾರೆ. ಬೆಳೆಗೂ ವ್ಯಾಪಾರಕ್ಕೂ ಅದೇ ದೇವರು.

ಗಿಯೋನ್ ಬೀದಿಯಲ್ಲಿ ಗೈಕೋ (ಹಾಡು, ನೃತ್ಯದ ಕಲಾವಿದೆಯರು), ಮೈಕೋ (ಅದನ್ನು ಕಲಿಯುತ್ತಿರುವವರು) ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುತ್ತಿರುತ್ತಾರೆ. ಅಡ್ಡಗಟ್ಟಿ ಫೋಟೋ ತೆಗೆಯಬೇಡಿ. ಪ್ರವಾಸಿಗರ ಕಾಟ ತಾಳಲಾರದೆ 2024ರಿಂದ ಅಲ್ಲಿನ ಖಾಸಗಿ ಓಣಿಗಳನ್ನು ಮುಚ್ಚಿದ್ದಾರೆ. ಒಳಗೆ ಹೋದರೆ 10,000 ಯೆನ್ ದಂಡ ಅಂತ ಬೋರ್ಡು ಇದೆ. ಅವರ ನೃತ್ಯ ನೋಡಬೇಕು ಅಂದ್ರೆ ನವೆಂಬರ್ ಮೊದಲ ಹತ್ತು ದಿನ ಗಿಯೋನ್ ಒದೋರಿ ಇರುತ್ತೆ. ಟಿಕೆಟ್ ತಗೊಂಡು ಮರ್ಯಾದೆಯಿಂದ ಕೂತು ನೋಡಬಹುದು.

ಕುಂದವಾಡ ಕೆರೆ ದಂಡೆ ಉತ್ತರ:

ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಕೊಳಲು ಊದುವ ಗರುಡ ಅಂದಾಗ "ಇನ್ನೊಂದು ಸಲ ಓದು" ಅಂದರು. ನವೆಂಬರ್ ಅಂತ ತೀರ್ಮಾನ ಮಾಡಿದ್ದೇವೆ, 21ರ ಸಂತೆ ಸೇರಿಸಿಕೊಂಡು. ಇಳಕಲ್ ಅಣ್ಣ, ನಿಶಿಜಿನ್ ಖಂಡಿತ ನೋಡ್ತೇವೆ. ಅಮ್ಮನ ಹತ್ತಿರ ಅಜ್ಜಿಯ ಕಾಲದ ಒಂದು ಇಳಕಲ್ ಸೀರೆ ಇದೆ, ಅದನ್ನೇ ಉಟ್ಟುಕೊಂಡು ಹೋಗ್ತಾರಂತೆ.

ಫುಶಿಮಿ ಅಕ್ಕ, ಇನ್ನೆರಡು ಪ್ರಶ್ನೆ. ದೇವಾಲಯದ ಊಟಕ್ಕೆ ನೆಲದ ಮೇಲೆ ಕೂರಬೇಕಾ? ಅಮ್ಮನಿಗೆ ಆಗೋದಿಲ್ಲ. ಆಮೇಲೆ, ಸಂಜೆ ಹೊತ್ತಿಗೆ ತಿನ್ನೋಕೆ ಏನಾದರೂ ಸಿಗುತ್ತಾ? ಶಿಗೆತ್ಸು ಮಧ್ಯಾಹ್ನ ಮಾತ್ರ ಅಂದಿರಿ.

ಫುಶಿಮಿ ಮನೆ ಉತ್ತರ:

ಸಾಮಾನ್ಯವಾಗಿ ತಾತಾಮಿ ಚಾಪೆಯ ಮೇಲೆಯೇ ಸಾಲಾಗಿ ಕೂರಿಸುತ್ತಾರೆ. ಬುಕ್ ಮಾಡುವಾಗಲೇ ಮಂಡಿ ನೋವು, ಕುರ್ಚಿ ಬೇಕು ಅಂತ ಹೇಳಿ. ಚಿಕ್ಕ ಸ್ಟೂಲೋ, ತಗ್ಗಿನ ಕುರ್ಚಿಯೋ ಆಗುತ್ತಾ ಅಂತ ಖಚಿತ ಮಾಡಿಕೊಳ್ಳಿ. ನವೆಂಬರ್ ಕೊನೆಯಲ್ಲಿ ಬುಕ್ ಮಾಡದೆ ಹೋಗಲೇಬೇಡಿ. ತಂಗಿಗೆ ಜಪಾನಿ ಬರುತ್ತದೆ ಅಂದರೆ ಅವಳೇ ಫೋನ್ ಮಾಡಲಿ. ಇಲ್ಲದಿದ್ದರೆ ಹೋಟೆಲಿನವರು ಮಾಡಿಕೊಡುತ್ತಾರೆ.

ದೈತೋಕುಜಿಯ ದಿನವನ್ನು ಹೀಗೆ ಮಾಡಿಕೊಳ್ಳಿ. ಬೆಳಗ್ಗೆ ನಿಶಿಜಿನ್, ಮಧ್ಯಾಹ್ನ ಇಝುಸೆನ್‌ನಲ್ಲಿ ಊಟ, ಆಮೇಲೆ ದೈತೋಕುಜಿಯ ದೈಸೆನ್-ಇನ್‌ನಲ್ಲಿ ಕಲ್ಲು ಮರಳಿನ ತೋಟ. ಅಲ್ಲಿಂದ ಸ್ವಲ್ಪ ನಡೆದರೆ ಇಮಾಮಿಯಾ ಗುಡಿ. ಗುಡಿಯ ಪೂರ್ವದ ಬಾಗಿಲಲ್ಲಿ ಎದುರುಬದುರು ಎರಡೇ ಅಂಗಡಿ, ಎರಡರಲ್ಲೂ ಮಾರುವುದು ಒಂದೇ ತಿಂಡಿ: ಅಬುರಿ ಮೋಚಿ. ಒಂದು ಅಂಗಡಿ ಸುಮಾರು 1000ನೇ ಇಸವಿಯಿಂದ ಇದೆ ಅಂತ ಹೇಳಿಕೊಂಡು ಬಂದಿದ್ದಾರೆ. ಅಂಟು ಅಕ್ಕಿಯನ್ನು ಬೇಯಿಸಿ ಕುಟ್ಟಿದ ಮೋಚಿಯನ್ನು ಹೆಬ್ಬೆರಳಿನಷ್ಟು ಚಿವುಟಿ, ಸೋಯಾ ಕಾಳಿನ ಹುರಿಹಿಟ್ಟಿನಲ್ಲಿ ಹೊರಳಿಸಿ, ಬಿದಿರು ಕಡ್ಡಿಗೆ ಚುಚ್ಚಿ, ಅಂಗಡಿಯ ಮುಂದೆಯೇ ಕೆಂಡದ ಮೇಲೆ ಸುಡುತ್ತಾರೆ. ಅಂಚು ಕಪ್ಪಾಗಿ ಅಲ್ಲಲ್ಲಿ ಉಬ್ಬುತ್ತದೆ. ಮೇಲೆ ಬಿಳಿ ಮಿಸೋದ ಸಿಹಿ ರಸ. ಕೆಂಡದ ಮುಂದೆ ಕೂತ ಹೆಂಗಸರು ಒಂದು ಕೈಯಲ್ಲಿ ಕಡ್ಡಿಗಳ ಗೊಂಚಲು ತಿರುಗಿಸುತ್ತಾ ಇನ್ನೊಂದರಲ್ಲಿ ಬೀಸಣಿಗೆ ಆಡಿಸುತ್ತಿರುತ್ತಾರೆ. ಇದನ್ನು ತಿಂದರೆ ರೋಗ ಬರುವುದಿಲ್ಲ ಅನ್ನುವ ನಂಬಿಕೆ ಇದೆ. ನಮ್ಮ ಅತ್ತೆ ಒಂದು ತಟ್ಟೆ ಮುಗಿಸಿ ಇನ್ನೊಂದು ತಟ್ಟೆ ಹೇಳಿದರು. ಅಲ್ಲಿ ಕೂರೋಕೆ ಬೆಂಚೂ ಇದೆ. ಅಲ್ಲಿಯೂ ಚೀಟಿ ತೋರಿಸಿಯೇ ತೆಗೆದುಕೊಳ್ಳಿ.

ಸಂಜೆ ಊಟಕ್ಕೆ ಕ್ಯೋಟೋದಲ್ಲಿ ಭಾರತೀಯ ಹೋಟೆಲುಗಳೂ ಇವೆ, ಈರುಳ್ಳಿ ಇಲ್ಲದ್ದು ಕಷ್ಟ. ಅಡುಗೆಮನೆ ಇರುವ ಬಾಡಿಗೆ ಮನೆ ಸಿಕ್ಕರೆ ಎಲ್ಲಕ್ಕಿಂತ ಅನುಕೂಲ. ನಿಶಿಕಿ ಮಾರುಕಟ್ಟೆ ಒಂದೇ ಉದ್ದ ಬೀದಿ, ಸುಮಾರು 390 ಮೀಟರ್. ಅಲ್ಲಿ ತಾಜಾ ತೋಫು, ಯುಬಾ, ಕಾಮೋ ಬದನೆ ಸಿಗುತ್ತವೆ. ಈ ಬದನೆ ದುಂಡಗೆ, ಒಂದು ಕೈ ಹಿಡಿಯುವಷ್ಟು ದಪ್ಪ. ನವೆಂಬರ್ ಹೊತ್ತಿಗೆ ಬದನೆಯ ಕಾಲ ಮುಗಿಯುತ್ತಾ ಬಂದಿರುತ್ತದೆ, ಶೋಗೋಇನ್ ಮೂಲಂಗಿ ಬಂದಿರುತ್ತದೆ. ಅದೂ ದುಂಡಗೇ. ಅದರ ಹುಳಿ ಮಾಡಿದರೆ ಅಮ್ಮನಿಗೆ ಖುಷಿಯಾಗುತ್ತದೆ. ಆ ಬೀದಿಯಲ್ಲಿ ನಡೆಯುತ್ತಾ ತಿನ್ನಬೇಡಿ, ಕೊಂಡ ಅಂಗಡಿಯ ಮುಂದೆಯೇ ನಿಂತು ತಿನ್ನಿ ಅಂತ ಅವರು ಕೇಳಿಕೊಳ್ಳುತ್ತಾರೆ.

ಉಪ್ಪಿನಕಾಯಿ ಕೊಳ್ಳುವಾಗ ಕೇಳಿ. ಶಿಬಾಝುಕೆ ಅಂತ ಬದನೆ ಮತ್ತು ಕೆಂಪು ಶಿಸೋ ಎಲೆಯನ್ನು ಉಪ್ಪಿನಲ್ಲಿ ಹುಳಿ ಬರಿಸಿದ್ದು ತುಂಬಾ ಚೆನ್ನಾಗಿರುತ್ತದೆ. ಕೆಲವರು ಮಾಡಿದ್ದರಲ್ಲಿ ಬರೀ ಉಪ್ಪು, ಎಲೆ, ತರಕಾರಿ. ಇನ್ನು ಕೆಲವದರಲ್ಲಿ ಮೀನಿನ ರಸ ಸೇರಿಸಿರುತ್ತಾರೆ. ಅಂಗಡಿಯ ಅನ್ನದುಂಡೆಗೂ ಇದೇ ಮಾತು. ಲೇಬಲ್ ಅನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಿ, ತಂಗಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಅವಲಕ್ಕಿ, ಚಟ್ನಿಪುಡಿ ಡಬ್ಬಿಯ ವಿಷಯ ತಂಗಿ ಇಲ್ಲಿನ ಕಸ್ಟಮ್ಸ್ ನಿಯಮ ನೋಡಿ ಹೇಳಲಿ. ಹಸಿ ಕರಿಬೇವು, ಹಣ್ಣು, ತರಕಾರಿ ಮಾತ್ರ ಹಾಕಿಕೊಳ್ಳಬೇಡಿ, ವಿಮಾನ ನಿಲ್ದಾಣದ ತಪಾಸಣೆ ಕಟ್ಟುನಿಟ್ಟು. ಕಾಲುಚೀಲ ಜಾಸ್ತಿ ಇರಲಿ. ದೇವಾಲಯಗಳಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆಯಬೇಕು, ನವೆಂಬರ್ ಕೊನೆಗೆ ಮರದ ನೆಲ ತಣ್ಣಗೆ ಕೊರೆಯುತ್ತದೆ.

ಆ ಮೋಚಿ ಅಂಗಡಿಗಳಿಗೆ ಬುಧವಾರ ಸಾಮಾನ್ಯವಾಗಿ ರಜೆ. ದೈತೋಕುಜಿಯ ಸುತ್ತಾಟವನ್ನು ಬುಧವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ತಾರೀಖು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, 21ರ ಸಂತೆಗೆ ನಾನೂ ಬರ್ತೇನೆ. ಅಮ್ಮನಿಗೆ ಹಳೆ ಕಿಮೋನೋ ಬಟ್ಟೆ ಆರಿಸೋಕೆ ಜೊತೆ ಆಗುತ್ತದೆ.